ಮುರುಡೇಶ್ವರದಲ್ಲಿ ಮೂರು ಮುಳುಗು

ನಮ್ಮ ಅವ್ವನನ್ನು ಮಣ್ಣು ಮಾಡಿದ ದಿನ ನಾನು ಸಮುದ್ರದಲ್ಲಿ ಆಡುತ್ತಿದ್ದೆ. ಹೊಟ್ಟೆತುಂಬ ತುಪ್ಪದ ದೋಸೆ ತಿಂದಿದ್ದೆ, ತಲೆತುಂಬ ಮಲ್ಲಿಗೆ ಮುಡಿದಿದ್ದೆ, ನಗುತ್ತಲೂ ಇದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನನ್ನ ತವರಿನವರಿಗೆ ಗೊತ್ತಿರುವುದು ಇಷ್ಟೇ. ಇದರ ಹಿಂದೆ ನಡೆದದ್ದು ನನ್ನ ಗಂಡನಿಗೆ, ಅತ್ತೆಗೆ, ಗಂಡನ ಅಣ್ಣನಿಗೆ, ಅವರ ಹೆಂಡತಿಗೆ ಗೊತ್ತು. ಎಲ್ಲ ಮುಗಿದ ಮೇಲೆ ನನಗೆ ಗೊತ್ತಾಯಿತು. ಆ ನಾಲ್ಕು ಜನ ಬಾಯಿ ಬಿಡುವವರಲ್ಲ. ನಾನು ಬಿಟ್ಟರೆ ನಂಬುವವರಿಲ್ಲ.

ನನ್ನನ್ನು ಕೊಟ್ಟದ್ದು ದೊಡ್ಡಬಳ್ಳಾಪುರಕ್ಕೆ. ಗಂಡನ ಮನೆಯವರದು ಸೀರೆ ನೇಯುವ ಕಸುಬು. ಮನೆಯ ಹಿಂದೆಯೇ ಪವರ್‌ಲೂಮ್ ಶೆಡ್ಡು, ಅಣ್ಣತಮ್ಮ ಇಬ್ಬರೂ ಒಟ್ಟಿಗೆ ನಡೆಸುತ್ತಾರೆ. ಮಗ್ಗ ಓಡುತ್ತಿದ್ದರೆ ಅಡುಗೆಮನೆಯ ತಟ್ಟೆಗಳು ಅದುರುತ್ತವೆ, ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದರೆ ಕೂಗಬೇಕು. ಎಲ್ಲರೂ ಕೂಗಿಯೇ ಮಾತಾಡುತ್ತಾರೆ, ಹೇಳಬೇಕಾದ್ದನ್ನು ಮಾತ್ರ ಹೇಳುವುದಿಲ್ಲ. ನಾನು ಹತ್ತಿರದ ಹಳ್ಳಿಯ ಶಾಲೆಯಲ್ಲಿ ಟೀಚರು. ಮಕ್ಕಳಾಗಲಿಲ್ಲ. ಅತ್ತೆ ಅದಕ್ಕಾಗಿ ನನ್ನನ್ನು ಬೈದದ್ದಿಲ್ಲ ಎಂದು ಅವರೇ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ನಿಜವೇ. ಬೈಯುವುದಕ್ಕೂ ಎದುರಿಗಿರುವವರು ಕಣ್ಣಿಗೆ ಬೀಳಬೇಕಲ್ಲ. ಆ ಮನೆಯಲ್ಲಿ ನಾನು ಕಾಣಿಸುತ್ತಿದ್ದದ್ದು ನೀರು ಬರುವ ದಿನ ಮತ್ತು ಸಂಬಳ ಬರುವ ದಿನ.

ತವರು ಸೂಲಿಬೆಲೆ ಪಕ್ಕದ ಹಳ್ಳಿ. ಅಪ್ಪ ಹೋಗಿ ಬಹಳ ಕಾಲವಾಗಿತ್ತು. ಅವ್ವ, ತಮ್ಮ, ತಮ್ಮನ ಹೆಂಡತಿ, ಇಷ್ಟೇ ಜನ. ಅವ್ವ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದಳು. ಮೊಣಕಾಲು ಹಿಡಿದುಕೊಂಡಿದ್ದರೂ ಹಾಲು ಕರೆಯುವುದನ್ನು ಸೊಸೆಗೆ ಬಿಟ್ಟುಕೊಟ್ಟಿರಲಿಲ್ಲ. "ಹಸೂಗೆ ನನ್ ಕೈಯೇ ಆಗ್ಬೇಕು, ಇಲ್ದಿದ್ರೆ ಸೊರ ಬಿಡಲ್ಲ, ಹಾಲೇ ಇಳ್ಸಲ್ಲ" ಅನ್ನುತ್ತಿದ್ದಳು. ಭಾನುವಾರ ನಾನು ಹೋದರೆ ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಹೊರಡುವಾಗ ಮಡಿಲು ತುಂಬಿ ಕಳಿಸುತ್ತಿದ್ದಳು. ನನಗೆ ಮನೆ ಅಂತ ಇದ್ದದ್ದು ಅದೊಂದೇ.

ಎರಡು ವರ್ಷದ ಹಿಂದೆ ಗಂಡನ ಅಣ್ಣನಿಗೆ ಎದೆಯ ಆಪರೇಷನ್ ಆಯಿತು. ಆಗ ಅತ್ತೆ ಗೋಕರ್ಣದ ಸ್ವಾಮಿಗೆ ಹರಕೆ ಹೊತ್ತರು. ಹರಕೆಗೂ ಕರಾರು ಇರುತ್ತದೆ. "ನನ್ ಮಗ ಎದ್ದು ಓಡಾಡಿದ್ರೆ ಇಬ್ರು ಗಂಡುಮಕ್ಳು, ಇಬ್ರು ಸೊಸೇರು, ಎರಡೂ ಜೋಡಿ ನಿನ್ ಮುಂದೆ ನಿಂತು ಅಭಿಷೇಕ ಮಾಡಿಸ್ತೀವಿ" ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಾಯಿಬಿಟ್ಟು ಹೇಳಿದ್ದರು. ಮಗ ಎದ್ದು ಓಡಾಡಿದ. ಹರಕೆ ತೀರಿಸಲು ಅಷ್ಟು ದೂರ ಹೋಗುವುದೇ ಆದರೆ ಸುಮ್ಮನೆ ಯಾಕೆ, ಕರಾವಳಿಯನ್ನೇ ಒಂದು ಸುತ್ತು ಹಾಕಿಬರೋಣ, ಕೋಟೆ, ಬೀಚು, ದೇವಸ್ಥಾನ ಎಲ್ಲ ಆಗಲಿ ಎಂದು ಗಂಡನ ಅಣ್ಣನೇ ಎಲ್ಲರನ್ನೂ ಹೊರಡಿಸಿದರು. ಏಳು ಸೀಟಿನ ಗಾಡಿ ಅವರದು, ಓಡಿಸಿದ್ದು ನನ್ನ ಗಂಡ. ಜೊತೆಗೆ ಅತ್ತೆ, ನನ್ನ ಓರಗಿತ್ತಿ, ಕಾಲೇಜಿಗೆ ಹೋಗುವ ಅವಳ ಮಗಳು, ನಾನು.

ಮೊದಲ ದಿನ ಎಲ್ಲ ಎಂದಿನಂತೆಯೇ ಇತ್ತು. ನನ್ನ ಜಾಗ ಹಿಂದಿನ ಸೀಟು, ಚಕ್ಕುಲಿ ಡಬ್ಬ, ನೀರಿನ ಕ್ಯಾನು, ಅತ್ತೆಯ ಮಾತ್ರೆ ಚೀಲದ ಜೊತೆ. ನೆಲಮಂಗಲ ದಾಟುವ ಮೊದಲೇ ಡಬ್ಬ ತೆಗಿ ಅಂದರು, ಹಾಸನದಲ್ಲಿ ಮುಚ್ಚು ಅಂದರು. ಶಿರಾಡಿ ಘಾಟಿಯಲ್ಲಿ ನನಗೆ ಹೊಟ್ಟೆ ತೊಳಸಿತು. ಗಾಡಿ ನಿಲ್ಲಿಸಿ ಅಂದರೆ "ಇಲ್ಲೆಲ್ಲಿ ನಿಲ್ಸೋದು, ತಡ್ಕೋ" ಅಂದರು ನನ್ನ ಗಂಡ. ಪ್ಲಾಸ್ಟಿಕ್ ಕವರು ಬಾಯಿಗೆ ಹಿಡಿದುಕೊಂಡು ಘಾಟಿ ಇಳಿದೆ. ಸಂಜೆ ಮಲ್ಪೆಗೆ ಹೋದಾಗ ಅತ್ತೆಗೆ ಕಾಲು ನೋವು. ಯಾರಾದರೂ ಜೊತೆಗೆ ಕೂರಬೇಕಲ್ಲ. ಎಲ್ಲರೂ ನೀರಿಗೆ ಇಳಿದರು, ನಾನು ಅವರ ಚಪ್ಪಲಿಗಳ ಪಕ್ಕ ಕೂತು ಹುಟ್ಟಿದ ಮೇಲೆ ಮೊದಲ ಸಲ ಸಮುದ್ರ ನೋಡಿದೆ. ಬೇಜಾರಾಗಲಿಲ್ಲ, ರೂಢಿಯಾಗಿತ್ತು. ಗಂಡನ ಬಗ್ಗೆ ಬರೆಯುವಾಗ ಅಂದರು, ಮಾಡಿದರು ಎಂದು ಬಹುವಚನ ಬರುತ್ತಿದೆ ನೋಡಿ, ಅದೂ ರೂಢಿಯಿಂದಲೇ, ಮರ್ಯಾದೆಯಿಂದಲ್ಲ.

ಮಾರನೆಯ ದಿನ ಬೆಳಿಗ್ಗೆ ಉಡುಪಿಯಲ್ಲಿ ದರ್ಶನದ ಸಾಲಿನಲ್ಲಿ ನಿಂತಿದ್ದೆವು. ಗಾಡಿ ಓಡಿಸಿ ದಣಿದಿದ್ದೇನೆಂದು ನನ್ನ ಗಂಡ ಹೊರಗೇ ಉಳಿದಿದ್ದರು. ಚೀಲಗಳು, ಎಲ್ಲರ ಫೋನುಗಳು ಅವರ ಹತ್ತಿರ ಇದ್ದವು. ಸ್ವಲ್ಪ ಹೊತ್ತಿಗೆ ಅವರೇ ಸಾಲಿನ ಪಕ್ಕಕ್ಕೆ ಬಂದು ಅತ್ತೆಯನ್ನೂ ಅಣ್ಣನನ್ನೂ ಕರೆದರು. ಕಂಬದ ಹತ್ತಿರ ಗುಸುಗುಸು ಮಾತಾಡಿಕೊಂಡರು. ಓರಗಿತ್ತಿಯೂ ಹೋಗಿ ಸೇರಿಕೊಂಡಳು. ಏನು ಎಂದು ನಾನು ಸನ್ನೆ ಮಾಡಿ ಕೇಳಿದೆ.

"ಶೆಡ್ಡಲ್ಲಿ ಮೋಟ್ರು ಸುಟ್ಟೋಗಿದ್ಯಂತೆ. ನೀನು ಮುಂದಕ್ ನಡಿ" ಅಂದರು ನನ್ನ ಗಂಡ.

ಸುಟ್ಟದ್ದು ಮೋಟರಲ್ಲ. ಅವತ್ತು ನಸುಕಿನಲ್ಲಿ ಹಾಲು ಕರೆಯಲು ಹೋದ ನಮ್ಮ ಅವ್ವ ಕೊಟ್ಟಿಗೆಯ ಗೋಡೆಗೆ ಒರಗಿ ಕೂತವಳು ಮತ್ತೆ ಏಳಲಿಲ್ಲ. ತಮ್ಮ ನನ್ನ ಫೋನಿಗೇ ಮಾಡಿದ್ದಾನೆ. ನನ್ನ ಫೋನು ನನ್ನ ಗಂಡನ ಜೇಬಿನಲ್ಲಿತ್ತು.

ಕಂಬದ ಹತ್ತಿರ ಆಡಿದ ಮಾತುಗಳನ್ನು ಓರಗಿತ್ತಿ ಆಮೇಲೆ ನನಗೆ ಒಪ್ಪಿಸಿದಳು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ತಲೆ ತಗ್ಗಿಸಿಕೊಂಡು. ಅತ್ತೆ ಹೇಳಿದ್ದು ಇದು: "ಅವಳ ಕಿವೀಗೆ ಬೀಳ್ಬಾರ್ದು. ಕಿವೀಗೆ ಬಿದ್ರೆ ತಾನೆ ಸೂತಕ? ನಾಳೆ ಅಭಿಷೇಕ ಮುಗಿದ್ಬಿಡ್ಲಿ, ಆಮೇಲೆ ಅಳ್ಲಿ ಪಾಪ, ಯಾರ್ ಬೇಡ ಅಂತಾರೆ."

ನಮ್ಮ ಕಡೆ ಹಾಗೊಂದು ಮಾತು ಇರುವುದು ಸುಳ್ಳಲ್ಲ. ಸಾವಿನ ಸೂತಕ ಸತ್ತ ಗಳಿಗೆಯಿಂದಲ್ಲ, ಸುದ್ದಿ ಕೇಳಿದ ಗಳಿಗೆಯಿಂದ ಎನ್ನುತ್ತಾರೆ. ಸುದ್ದಿ ಕಾಲ್ನಡಿಗೆಯಲ್ಲಿ ಬರುತ್ತಿದ್ದ ಕಾಲದ ಮಾತು ಅದು. ಎಲ್ಲೋ ದೂರದಲ್ಲಿದ್ದವನು ಗೊತ್ತಿಲ್ಲದೆ ಗುಡಿಯೊಳಗೆ ಹೋಗಿದ್ದರೆ ಅವನಿಗೆ ದೋಷ ಬರದಿರಲಿ ಎಂದು ಯಾರೋ ಕರುಣೆಯಿರುವವರು ಮಾಡಿದ ಕಟ್ಟಳೆ. ಅತ್ತೆ ಅದನ್ನು ನನ್ನ ಕಿವಿಗೆ ಹೊರಗಿನಿಂದ ಹಾಕುವ ಚಿಲಕ ಮಾಡಿಕೊಂಡರು. ನನಗೆ ಸೂತಕ ಬಂದರೆ ಒಂದು ಜೋಡಿ ಮುರಿಯುತ್ತದೆ, ಜೋಡಿ ಮುರಿದರೆ ಹರಕೆ ನಿಲ್ಲುತ್ತದೆ, ಹರಕೆ ನಿಂತರೆ ದೊಡ್ಡ ಮಗನ ಎದೆಗೆ ಏನಾದರೂ ಆದೀತು. ಇಷ್ಟೇ ಅವರ ಲೆಕ್ಕ. ಮಗನ ಮೇಲಿನ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಉಡುಪಿಯಿಂದ ಬೆಂಗಳೂರಿಗೆ ಬಸ್ಸಿಗೇನು ಬರವೇ? ಆಗಲೇ ನನ್ನನ್ನೊಂದು ಬಸ್ಸು ಹತ್ತಿಸಿದ್ದರೆ ರಾತ್ರಿಯೊಳಗೆ ಊರಿನಲ್ಲಿರುತ್ತಿದ್ದೆ. ಮಗಳು ಬರುತ್ತಿದ್ದಾಳೆ ಎಂದರೆ ಹೆಣವನ್ನು ಬೆಳಗಿನವರೆಗೆ ಇಟ್ಟುಕೊಳ್ಳದ ಊರು ಯಾವುದಿದೆ? ಹರಕೆಗೆ ಆರು ತಿಂಗಳು ಬಿಟ್ಟು ಬಂದಿದ್ದರೆ ಸ್ವಾಮಿ ಎದ್ದು ಹೋಗುತ್ತಿದ್ದನೇ?

ನನ್ನ ಗಂಡ ತಮ್ಮನಿಗೆ ವಾಪಸ್ಸು ಫೋನು ಮಾಡಿ ಹೇಳಿದ್ದೇನೆಂದರೆ: "ನಿಮ್ಮಕ್ಕಂಗೆ ಹೇಳ್ದೆ ಕಣಪ್ಪ. ಅಳ್ತಾ ಕೂತವ್ಳೆ, ಮಾತಾಡೋ ಸ್ಥಿತೀಲಿ ಇಲ್ಲ. ತುಂಬ ದೂರ ಬಂದ್ಬಿಟ್ಟಿದೀವಿ, ಕಾಯ್ಬೇಡಿ, ಮುಗಿಸ್ಬಿಡಿ ಅಂದ್ಲು."

ನಾನು ಅಂದೆನಂತೆ. ಆ ಹೊತ್ತಿನಲ್ಲಿ ನಾನು ಕಿಂಡಿಯ ಮುಂದೆ ಕೈ ಮುಗಿದು ನಿಂತಿದ್ದೆ.

ಹೊರಗೆ ಬಂದಾಗ ನನ್ನ ಗಂಡ, ನಿನ್ನ ಫೋನು ಕೈಜಾರಿ ಬಿತ್ತು, ಆನ್ ಆಗುತ್ತಿಲ್ಲ, ಊರಿಗೆ ಹೋದ ಮೇಲೆ ರಿಪೇರಿ ಮಾಡಿಸುತ್ತೇನೆ ಅಂದರು. ನನಗೆ ಒಳಗೊಳಗೇ ಖುಷಿಯಾಯಿತು. ಶಾಲೆಯ ಗ್ರೂಪಿನಲ್ಲಿ ದಿನಕ್ಕೆ ನೂರು ಮೆಸೇಜು, ಅದರ ಕಾಟ ತಪ್ಪಿತು ಅಂದುಕೊಂಡೆ.

ಆಮೇಲೆ ಶುರುವಾಯಿತು ನೋಡಿ ಅಕ್ಕರೆ. ಹೋಟೆಲಿನಲ್ಲಿ ಅತ್ತೆ, "ಅವಳಿಗೆ ಇನ್ನೊಂದು ತುಪ್ಪದ ದೋಸೆ ಹೇಳೋ" ಅಂದರು. ನಾನು ಬೇಡವೆಂದರೆ "ತಿನ್ನಮ್ಮ, ಹೊಟ್ಟೆ ತುಂಬ ತಿನ್ನು" ಅಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅಮ್ಮ ಅನ್ನುವ ಆ ಪ್ರತ್ಯಯ ನನಗೆ ಹತ್ತಿದ್ದು ಅದೇ ಮೊದಲು. ಓರಗಿತ್ತಿ ತನ್ನ ಕಿಟಕಿಯ ಸೀಟು ಬಿಟ್ಟುಕೊಟ್ಟು, ಚಕ್ಕುಲಿ ಡಬ್ಬದ ಜೊತೆ ತಾನೇ ಹಿಂದೆ ಹೋಗಿ ಕೂತಳು. ಗಂಡನ ಅಣ್ಣ ಹಿಂದಿರುಗಿ ನೋಡಿ "ಏಸಿ ಜಾಸ್ತಿ ಆಯ್ತೇನಮ್ಮ" ಅಂತ ಕೇಳಿದರು. ಮಲ್ಲಿಗೆ ಮಾರುವವಳನ್ನು ಕರೆದು, ಅತ್ತೆ ತಾವೇ ಚೆಂಡು ಬಿಡಿಸಿ ನನ್ನ ತಲೆಗೆ ಮುಡಿಸಿದರು. ಮರವಂತೆಯಲ್ಲಿ ರಸ್ತೆಯ ಒಂದು ಪಕ್ಕ ಹೊಳೆ, ಇನ್ನೊಂದು ಪಕ್ಕ ಸಮುದ್ರ. ನಾನು ಕೇಳದೆಯೇ ನನ್ನ ಗಂಡ ಗಾಡಿ ನಿಲ್ಲಿಸಿ "ಇಳಿದು ನೋಡು, ನಿಧಾನಕ್ಕೆ ನೋಡು" ಅಂದರು.

ನಾನೇನು ಅಂದುಕೊಂಡೆ ಎಂದು ಹೇಳಲು ನಾಚಿಕೆಯಾಗುತ್ತದೆ. ಊರು ಬಿಟ್ಟು ಬಂದರೆ ಮನುಷ್ಯರು ಬದಲಾಗುತ್ತಾರೆ ಅಂದುಕೊಂಡೆ. ಮಗ ಸಾವಿನ ಬಾಯಿಂದ ಬಂದದ್ದಕ್ಕೆ ಅತ್ತೆಯ ಮನಸ್ಸು ಮೆತ್ತಗಾಗಿದೆ ಅಂದುಕೊಂಡೆ. ಕೊನೆಗೂ ಈ ಮನೆಯವರ ಕಣ್ಣಿಗೆ ಬಿದ್ದೆನಲ್ಲ ಎಂದು ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ. ಕಡಿಯುವ ಕುರಿಗೂ ಮೊದಲು ಹೂವಿನ ಹಾರ ಹಾಕುತ್ತಾರೆ, ಕುರಿ ಅದನ್ನು ಮೇವೆಂದು ತಿನ್ನುತ್ತದೆ.

ಮಧ್ಯಾಹ್ನ ಮುರುಡೇಶ್ವರ ತಲುಪಿದೆವು. ಗುಡಿಗೆ ಹೋಗುವ ಮುಂಚೆ ಅತ್ತೆ ನನ್ನ ಕೈ ಹಿಡಿದು ನೀರಿನ ಕಡೆ ಕರೆದುಕೊಂಡು ಹೋದರು. ಹಿಂದಿನ ದಿನ ಕಾಲು ನೋವೆಂದು ನನ್ನನ್ನು ಕಟ್ಟಿಹಾಕಿಕೊಂಡು ಕೂತವರು ಅವತ್ತು ಮೊಣಕಾಲಿನವರೆಗೆ ನೀರಿಗೆ ಇಳಿದರು.

"ಹೂವ ತೆಗ್ದು ಕೊಡು, ನೆನ್ದೋಗ್ತದೆ. ಉಟ್ಟಿರೋ ಸೀರೇಲೇ ಇಳಿ, ಪರವಾಗಿಲ್ಲ. ಮೂರು ಮುಳುಗು ಹಾಕು, ತಲೆ ಪೂರ್ತಿ ನೆನೀಬೇಕು."

"ನೀವ್ಯಾರೂ ಹಾಕಲ್ವಾ ಅತ್ತೆ?"

"ನಮ್ದೆಲ್ಲ ನಿನ್ನೇನೇ ಆಯ್ತಲ್ಲ. ನೀನು ಹಾಕಮ್ಮ."

ನಾನು ಹಾಕಿದೆ. ಒಂದೊಂದು ಮುಳುಗಿಗೂ ಅಲೆ ಬಂದು ತಳ್ಳುತ್ತಿತ್ತು, ಅತ್ತೆ ನನ್ನ ರಟ್ಟೆ ಹಿಡಿದುಕೊಂಡಿದ್ದರು. ಮೂರನೆಯದಕ್ಕೆ ಬಾಯಿಗೆಲ್ಲ ಉಪ್ಪುನೀರು ನುಗ್ಗಿ ಕೆಮ್ಮು ಬಂತು, ಕೆಮ್ಮಿನ ಹಿಂದೆಯೇ ನಗು. ಚಿಕ್ಕ ಹುಡುಗಿಯ ಥರ ನೀರು ಬಡಿದು ನಗುತ್ತಿದ್ದೆ. ಓರಗಿತ್ತಿಯ ಮಗಳು ದಡದಿಂದ ವಿಡಿಯೋ ಮಾಡುತ್ತಿದ್ದಳು. ಅವಳಿಗೆ ಮಾತ್ರ ಯಾರೂ ವಿಷಯ ಹೇಳಿರಲಿಲ್ಲ. ಹುಡುಗಿ ಒಳ್ಳೆಯವಳು, ನನ್ನ ಮೇಲೆ ಪ್ರೀತಿ ಇರುವವಳು. "ನಮ್ಮ ಚಿಕ್ಕಮ್ಮನ ಮೊದಲ ಸಮುದ್ರ" ಎಂದು ಬರೆದು ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು. ತಮ್ಮನ ಹೆಂಡತಿಯ ನಂಬರು ಹುಡುಗಿಯ ಹತ್ತಿರ ಇತ್ತು, ಹುಡುಗಿಯದು ತಮ್ಮನ ಹೆಂಡತಿಯ ಹತ್ತಿರ ಇತ್ತು.

ಮಾರನೆಯ ಬೆಳಿಗ್ಗೆ ಗೋಕರ್ಣದಲ್ಲಿ ಅಭಿಷೇಕ. ಎರಡು ಜೋಡಿಯಾಗಿ ನಿಂತೆವು. ಸಂಕಲ್ಪಕ್ಕೆ ಮುಂಚೆ ಭಟ್ಟರು, ಮನೆಯಲ್ಲಿ ಸೂತಕ ಏನೂ ಇಲ್ಲ ತಾನೆ ಎಂದು ಕೇಳಿದರು. ಅತ್ತೆ ನನ್ನ ಮುಖವನ್ನೂ ನೋಡದೆ "ಏನೂ ಕೇಳಿಲ್ಲ ಸ್ವಾಮಿ" ಅಂದರು. ಉತ್ತರ ಎಷ್ಟು ಹುಷಾರಾಗಿತ್ತು ಎನ್ನುವುದು ನನಗೆ ಹೊಳೆದದ್ದು ಆಮೇಲೆ. ದೇವರನ್ನು ಮುಟ್ಟಿ ಬೇಡಿಕೊಳ್ಳಿ ಅಂದರು ಭಟ್ಟರು. ನಾನು ಅವ್ವನ ಮೊಣಕಾಲು ವಾಸಿಯಾಗಲಿ ಎಂದು ಬೇಡಿಕೊಂಡೆ.

ಹರಕೆ ಮುಗಿಯಿತು. ಆಗಲಾದರೂ ಹೇಳಬಹುದಿತ್ತು. ಆದರೆ ಮಿರ್ಜಾನ್ ಕೋಟೆ ಬಾಕಿ ಇತ್ತು. ಬಂದವರು ಬಂದಿದ್ದೇವೆ, ಅದನ್ನೂ ನೋಡಿಬಿಡೋಣ ಅಂದರು ಗಂಡನ ಅಣ್ಣ. ಸತ್ತವಳು ಹೇಗೂ ಸತ್ತಿದ್ದಳು, ಕೋಟೆ ಇನ್ನೊಂದು ಸಲ ಸಿಗುತ್ತದೋ ಇಲ್ಲವೋ.

ಕೆಂಪು ಕಲ್ಲಿನ ಗೋಡೆ, ಮೇಲೆಲ್ಲ ಹಸಿರು ಪಾಚಿ, ನೋಡುವುದಕ್ಕೆ ಚೆನ್ನಾಗಿಯೇ ಇದೆ. ಮೆಟ್ಟಿಲು ಹತ್ತುವಾಗ ನನ್ನ ಗಂಡ ನನ್ನ ಜೊತೆ ಹೆಜ್ಜೆ ಹಾಕಿದರು. ಅವರು ಯಾವಾಗಲೂ ನನಗಿಂತ ಹತ್ತು ಮಾರು ಮುಂದೆ ನಡೆಯುವವರು. ನನಗೆ ಮಾತಾಡುವ ಹುರುಪು ಬಂತು.

"ಅವ್ವ ದೇವನಹಳ್ಳಿ ಕೋಟೇನ ಬಸ್ಸಲ್ಲಿ ಕೂತು ನೋಡಿದ್ದೇ ನೋಡಿದ್ದು, ಒಂದಿನಾನೂ ಇಳಿದು ಹತ್ತಿಲ್ಲ ರೀ. ಸಮುದ್ರ ಅಂತೂ ಇಲ್ವೇ ಇಲ್ಲ. ಬೇಸಿಗೆ ರಜಕ್ಕೆ ಅವಳ್ನ ಇಲ್ಲಿಗೆ ಕರ್ಕೊಂಡ್ ಬರೋಣ. ಮೆಟ್ಲು ನಾನು ಹತ್ತಿಸ್ತೀನಿ, ನಿಧಾನಕ್ಕೆ."

"ಹೂಂ, ಕರ್ಕೊಂಡ್ ಬರೋಣ" ಅಂದರು.

ಈಗಲೂ ನನಗೆ ಅತ್ತೆಯ ಮೇಲೆ ಇರುವ ಕೋಪ ಒಂದು ತೂಕ, ಆ ಒಂದು ಹೂಂ ಮೇಲೆ ಇರುವುದು ಇನ್ನೊಂದು ತೂಕ. ಅತ್ತೆಗೆ ಮಗನ ಜೀವದ ಭಯವಿತ್ತು. ಇವರಿಗೆ ಏನಿತ್ತು? ಮಣ್ಣಿನಡಿಯಲ್ಲಿ ಇದ್ದವಳನ್ನು ಬೇಸಿಗೆ ರಜಕ್ಕೆ ಕರೆದುಕೊಂಡು ಬರೋಣ ಅನ್ನುವ ಬಾಯಿ ಎಂಥದು?

ಅಲ್ಲಿಂದ ಹೊರಟು, ಸಾಗರ, ಶಿವಮೊಗ್ಗದ ಮೇಲೆ ರಾತ್ರಿಯೆಲ್ಲ ಗಾಡಿ ಓಡಿಸಿ ಬೆಳಿಗ್ಗೆ ಡಾಬಸ್‌ಪೇಟೆಗೆ ಬಂದೆವು. ತಟ್ಟೆ ಇಡ್ಲಿ ಹೇಳಿದರು. ನನಗೆ ವಡೆಯನ್ನೂ ಹೇಳಿದರು, ಕಾಫಿ ಎರಡು ಸಲ. ಸುದ್ದಿ ಹೇಳಿದ ಮೇಲೆ ಇವಳು ಊಟ ಮಾಡುವುದಿಲ್ಲ, ಮೊದಲು ಹೊಟ್ಟೆಗೆ ಹಾಕಿಸಿಬಿಡೋಣ ಎಂದು ಮಾತಾಡಿಕೊಂಡಿದ್ದರಂತೆ. ಗಾಡಿ ಹತ್ತಿದ ಮೇಲೆ ನನ್ನ ಗಂಡ ಕೀಲಿ ತಿರುಗಿಸಲಿಲ್ಲ. ಅತ್ತೆ ನನ್ನ ತೊಡೆಯ ಮೇಲೆ ಕೈ ಇಟ್ಟರು.

"ನಿಮ್ಮವ್ವ ಹೋಗ್ಬಿಟ್ರು ಕಣಮ್ಮ."

ನಾನು ಯಾವಾಗ ಎಂದು ಕೇಳಿದೆ. ಮತ್ತೆ ಕೇಳಿದೆ. "ಮೊನ್ನೆ" ಅಂದಳು ಓರಗಿತ್ತಿ. ಹಿಂದಿನ ಸೀಟಿನಲ್ಲಿ ಅವಳ ಮಗಳು ಅಯ್ಯೋ ಎಂದು ಕಿರುಚಿ, ಫೋನು ತೆಗೆದು ಏನನ್ನೋ ಅಳಿಸತೊಡಗಿದಳು. ಆ ಸ್ಟೇಟಸ್ಸು ದಿನ ಕಳೆದು ಆಗಲೇ ತಾನಾಗಿ ಅಳಿಸಿಹೋಗಿತ್ತು.

ನಾನು ಕೂಗಾಡಿದೆ ಎಂದು ಆಮೇಲೆ ಹೇಳಿದರು. ನನಗೆ ನೆನಪಿರುವುದು, ತಿಂದದ್ದೆಲ್ಲ ರಸ್ತೆ ಪಕ್ಕ ಕಕ್ಕಿದ್ದು. ಈ ಸಲ ಗಾಡಿ ನಿಲ್ಲಿಸಿಯೇ ಇದ್ದರು.

ತವರಿಗೆ ಹೋದಾಗ ಹಾಲುತುಪ್ಪ ಬಿಟ್ಟು ಬಂದ ಜನ ಅಂಗಳದಲ್ಲಿ ಕೂತಿದ್ದರು. ತಮ್ಮ ತಲೆ ಬೋಳಿಸಿಕೊಂಡು ಜಗಲಿಯ ಮೇಲಿದ್ದ. ನಾನು ಅಳುತ್ತ ಹತ್ತಿರ ಹೋದರೆ ಎದ್ದು ಸರಿದು ನಿಂತ. "ಈಗ ಬಂದ್ಯಾ ಅಕ್ಕ? ನೋಡಾಯ್ತಾ ಎಲ್ಲ?" ಅಂದ. ಅಷ್ಟೇ.

ಒಳಗೆ ನಮ್ಮ ದೊಡ್ಡಮ್ಮ ಇದ್ದಳು, ಅವ್ವನ ಅಕ್ಕ. ಅವಳ ಮಡಿಲಲ್ಲಿ ಬಿದ್ದು, ನನಗೆ ಹೇಳಲೇ ಇಲ್ಲ ದೊಡ್ಡಮ್ಮ, ನನಗೆ ಗೊತ್ತೇ ಇರಲಿಲ್ಲ ಅಂದೆ. ಅವಳು ನನ್ನ ತಲೆ ಸವರುತ್ತಿದ್ದ ಕೈ ತೆಗೆದಳು.

"ಸುಳ್ಳು ಯಾಕೆ ಹೇಳ್ತೀಯೇ? ಅವ್ವನ್ನ ಅಂಗಳದಲ್ಲಿ ಮಲಗಿಸ್ಕೊಂಡು ನಾವು ಅಳ್ತಾ ಇದ್ರೆ ಆ ಹುಡುಗಿ ಫೋಟದಲ್ಲಿ ನೀನು ಬ್ಯಾರೆ ಬಂದೆ. ಎಲ್ರೂ ನೋಡಿದ್ರು. ಹೂವ ತೆಗೆದಿದ್ದೆ, ಉಟ್ಟ ಸೀರೇಲಿ ಒಬ್ಳೇ ಮೂರು ಮುಳುಗು ಹಾಕ್ದೆ, ನಿಮ್ಮತ್ತೆ ರಟ್ಟೆ ಹಿಡ್ಕೊಂಡಿದ್ರು. ಅದು ಸಾವಿನ ಸ್ನಾನ ಅಲ್ವೇನೇ? ಗೊತ್ತಿಲ್ದೆ ಯಾರಾದ್ರೂ ಹಂಗ್ ಮಾಡ್ತಾರಾ? ಸ್ನಾನ ಮಾಡ್ಕೊಂಡು ನಗ್ತಿದ್ಯಲ್ಲ, ಅದು ಹೆಂಗ್ ಬಂತೇ ನಿಂಗೆ ನಗು?"

ನನಗೆ ಅಲ್ಲಿಯವರೆಗೆ ಅದು ಹೊಳೆದೇ ಇರಲಿಲ್ಲ. ಅತ್ತೆ ದೇವರಿಗೆ ಹೆದರುವ ಹೆಂಗಸು. ಕೇಳದಿದ್ದರೆ ಸೂತಕವಿಲ್ಲ ಅಂದರೂ ಒಳಗೊಂದು ಅಳುಕು. ಯಾವುದಕ್ಕೂ ಇರಲಿ ಎಂದು ನನಗೆ ಗೊತ್ತಾಗದ ಹಾಗೆ ನನ್ನ ಕೈಯಲ್ಲೇ ನನ್ನ ಅವ್ವನ ಸಾವಿನ ಸ್ನಾನ ಮಾಡಿಸಿಬಿಟ್ಟಿದ್ದರು. ಆ ಸ್ನಾನವೇ ಈಗ ನನಗೆ ಗೊತ್ತಿತ್ತು ಅನ್ನುವುದಕ್ಕೆ ಸಾಕ್ಷಿ. ಊರಿಗೆ ಊರೇ ನೋಡಿದ ಸಾಕ್ಷಿ. ನಮ್ಮ ಕಡೆ ತಾಯಿ ಸತ್ತರೆ ಮಗಳು ಸೀರೆ ಹೊದಿಸಬೇಕು. ಮಗಳ ಮನೆಯಲ್ಲಿ ದಿನಬೆಳಗಾದರೆ ಸೀರೆ ನೇಯುತ್ತಿದ್ದರೂ ನನ್ನ ಅವ್ವ, ತಮ್ಮನ ಹೆಂಡತಿ ಹೊಸಕೋಟೆಯಿಂದ ತರಿಸಿದ ಸೀರೆ ಹೊದ್ದು ಹೋಗಿದ್ದಳು.

ನಾನು ತಮ್ಮನಿಗೆ ಎಲ್ಲ ಹೇಳಿದೆ. ಕಂಬದ ಹತ್ತಿರ ಗುಸುಗುಸು ಮಾಡಿದ್ದು, ಫೋನು ಬಿತ್ತು ಅಂದದ್ದು, ಭಟ್ಟರ ಮುಂದೆ ಅತ್ತೆ ಅಂದದ್ದು. ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ, "ಭಾವನೇ ನಂಗ್ ಫೋನ್ ಮಾಡಿ ನೀನಂದೆ ಅಂತ ಹೇಳಿದ್ದು. ಅವ್ರು ತಿಥಿ ದಿನ ಎಲ್ರ ಮುಂದೆ ಬಂದು, ಅಕ್ಕಂಗೆ ಹೇಳಿರ್ಲಿಲ್ಲ ಅಂತ ಒಂದ್ ಮಾತು ಅನ್ಲಿ. ಅಷ್ಟ್ ಸಾಕು ನಂಗೆ. ನಿನ್ ಕಾಲಿಗ್ ಬೀಳ್ತೀನಿ" ಅಂದ.

ಒಂದೇ ಮಾತು. ತಿಥಿ ಬರುವವರೆಗೆ ನಾನು ಆ ಒಂದು ಮಾತಿಗಾಗಿ ನನ್ನ ಗಂಡನ ಹಿಂದೆ ಬಿದ್ದೆ. ಮಗ್ಗದ ಶೆಡ್ಡಿಗೆ ಹೋಗಿ ಸದ್ದಿನ ಮಧ್ಯೆ ಕೂಗಿ ಕೇಳಿದೆ. ಊಟಕ್ಕೆ ಬಡಿಸುತ್ತ ಕೇಳಿದೆ. ಅತ್ತೆಯ ಹತ್ತಿರವೂ ಹೋದೆ.

"ನೀವೇ ಒಂದ್ಸಲ ಬಂದು ಹೇಳ್ಬಿಡಿ ಅತ್ತೆ. ನನ್ ತವರು ಉಳೀತದೆ."

"ನಾನೇನ್ ಕಳ್ತನ ಮಾಡಿದೀನಾ, ಬಂದು ಒಪ್ಕೊಳಕ್ಕೆ? ನಿಂಗ್ ದೋಷ ತಟ್ದೇ ಇರ್ಲಿ ಅಂತ ನಡುನೀರಿಗ್ ಇಳ್ದು ನಿನ್ನ ಮುಳುಗ್ಸಿದೀನಿ. ಒಳ್ಳೇದ್ ಮಾಡಿದ್ರೆ ಹಿಂಗೇ ಆಗೋದು" ಅಂದರು. ಅಕ್ಕರೆಯೆಲ್ಲ ಡಾಬಸ್‌ಪೇಟೆಗೇ ಮುಗಿದಿತ್ತು.

ನನ್ನ ಗಂಡ ಮಾತ್ರ ಕೊನೆಗೆ ಹೂಂ ಅಂದರು. ಹೇಳ್ತೀನಿ ಬಿಡು, ಎಷ್ಟು ಸಲ ಕೇಳ್ತೀಯ ಅಂದರು. ಹಿಂದೊಂದು ಹೂಂ ಕೇಳಿದ್ದರೂ ನಾನು ಮತ್ತೆ ನಂಬಿದೆ. ನಂಬದೆ ಬೇರೆ ದಾರಿಯೂ ಇರಲಿಲ್ಲ.

ತಿಥಿಯ ದಿನ ಊಟ ಮುಗಿದು ಜನ ಅಂಗಳದಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ನನ್ನ ಗಂಡ, ಅವರ ಅಣ್ಣ ಇಬ್ಬರೂ ಚಾಪೆಯ ಮೇಲೆ ಕೂತಿದ್ದರು. ದೊಡ್ಡಮ್ಮ, ಊರಿನ ಹಿರಿಯರು, ನೆಂಟರು ಎಲ್ಲ ಇದ್ದರು. ನಾನು ಬಾಗಿಲಿನಲ್ಲಿ ನಿಂತಿದ್ದೆ. ತಮ್ಮ ಬಂದು ನನ್ನ ಗಂಡನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತ. ಜಗಳದ ದನಿ ಇರಲಿಲ್ಲ, ಬೇಡುವವನ ಥರ ಕೇಳಿದ.

"ಭಾವ, ಒಂದೇ ಮಾತು. ಅವ್ವ ಹೋದ ದಿನ ನೀವು ಅಕ್ಕಂಗೆ ಹೇಳಿದ್ರಾ, ಇಲ್ವಾ?"

ನನ್ನ ಗಂಡ ಅಣ್ಣನ ಮುಖ ನೋಡಿದರು. ಅಣ್ಣ ಸುಣ್ಣದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು. ಆಮೇಲೆ ನನ್ನ ಗಂಡ ಸುತ್ತ ಕೂತ ಜನರನ್ನು ನೋಡಿದರು. ನನ್ನ ಕಡೆ ನೋಡಲಿಲ್ಲ.

"ಹೇಳಿದ್ದೆ" ಅಂದರು.

ತಮ್ಮ ಎದ್ದು ಪಂಚೆ ಕೊಡವಿಕೊಂಡು ಕೊಟ್ಟಿಗೆಯ ಕಡೆ ಹೋದ. ನಾನು ಸುಳ್ಳು ಸುಳ್ಳು ಎಂದು ಕೂಗಿದೆ. ಪಾಪ, ಅವ್ವ ಸತ್ತ ದುಃಖ ಎಂದು ಯಾರೋ ಹೆಂಗಸರು ನನ್ನನ್ನು ಒಳಗೆ ಕರೆದುಕೊಂಡು ಹೋಗಿ ನೀರು ಕೊಟ್ಟರು. ಹೊರಡುವಾಗ ಯಾರೂ ಮಡಿಲು ತುಂಬಲಿಲ್ಲ. ತಮ್ಮನ ಹೆಂಡತಿ ಬಾಗಿಲವರೆಗೂ ಬರಲಿಲ್ಲ. ಬೈಕಿನಲ್ಲಿ ದೇವನಹಳ್ಳಿ ದಾಟಿದ ಮೇಲೆ ನನ್ನ ಗಂಡ ಮುಂದಕ್ಕೆ ನೋಡಿಕೊಂಡೇ ಮಾತಾಡಿದರು.

"ಅಷ್ಟು ಜನದ್ ಮುಂದೆ ನಮ್ಮವ್ವನ್ ಮರ್ಯಾದೆ ಹೆಂಗ್ ಕಳೀಲಿ ಹೇಳು? ಹೋಗ್ಲಿ ಬಿಡೆ. ನಿಂಗ್ ನಾವಿಲ್ವಾ?"

ಆ ಮನೆಯಲ್ಲೇ ಇದ್ದೇನೆ. ಶಾಲೆಗೆ ಹೋಗುತ್ತೇನೆ, ಬರುತ್ತೇನೆ, ಅಡುಗೆ ಮಾಡಿ ಬಡಿಸುತ್ತೇನೆ. ತಮ್ಮನಿಗೆ ಫೋನು ಮಾಡಿದರೆ ಎತ್ತುವುದಿಲ್ಲ. ಘಾಟಿ ಸುಬ್ರಹ್ಮಣ್ಯ ನಮಗೆ ಹತ್ತಿರ, ಹಬ್ಬ ಹುಣ್ಣಿಮೆಗೆ ಗಂಡನ ಮನೆಯವರೆಲ್ಲ ಗಾಡಿ ಕಟ್ಟಿಕೊಂಡು ಹೊರಡುತ್ತಾರೆ. ನನ್ನನ್ನೂ ಕರೆಯುತ್ತಾರೆ, ಜೋಡಿ ಕೂಡಬೇಕಲ್ಲ. ನನಗೆ ಸೂತಕ, ನೀವು ಹೋಗಿಬನ್ನಿ ಅನ್ನುತ್ತೇನೆ. ಯಾರ ಸೂತಕ ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.